ಹೊಳೆಯುವ ಪಟ್ಟಿಯ ಹಿಂದಿನ ಎರೆಮಣ್ಣು

ಹಳೆಯ ಅಂಬಾಸಿಡರ್ ಕಾರಿನ ಪಕ್ಕದ ಹೊಳಪಿನ ಪಟ್ಟಿ ಬಿಚ್ಚಿದರೆ ಮೊದಲು ಉದುರುವುದು ಮಣ್ಣು. ಬೀದರ್ ನಗರದಲ್ಲೇ ಓಡಾಡಿದ ಗಾಡಿಯಾದರೆ ಜಂಬಿಟ್ಟಿಗೆಯ ಕೆಂಪು ಧೂಳು; ಭಾಲ್ಕಿ, ಔರಾದ್ ಕಡೆಯ ಹೊಲದ ದಾರಿ ತುಳಿದಿದ್ದರೆ ಕಪ್ಪು ಎರೆಮಣ್ಣು. ಎರೆಯ ಗುಣ ಅಲ್ಲಿನ ರೈತರಿಗೆ ಹೇಳಿಕೊಡಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಆ ತೇವದ ಮೇಲೆಯೇ. ಅದೇ ತೇವ ಪಟ್ಟಿಯ ಹಿಂದೆ ಸೇರಿಕೊಂಡರೆ ತಗಡು ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ.

ಹೊರಗಿನಿಂದ ನೋಡಿದವರಿಗೆ ಇದು ಕಾಣುವುದಿಲ್ಲ. ಹಾಗಾಗಿಯೇ ಎಷ್ಟೋ ಮಂದಿ ಪಟ್ಟಿ, ಬಂಪರ್, ಮುಂದಿನ ಜಾಲಿ ಏನನ್ನೂ ಬಿಚ್ಚದೆ ಕಾಗದ ಅಂಟಿಸಿ ಬಣ್ಣ ಹೊಡೆಸಿಬಿಡುತ್ತಾರೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಪಟ್ಟಿಯ ಅಂಚಿನಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಕೊಟ್ಟ ಹಣ ನೀರುಪಾಲು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ರಸ್ತೆಗೆ ಇಳಿಯಿತು. 2014ರ ಮೇ ತಿಂಗಳಲ್ಲಿ ಕಾರ್ಖಾನೆಯ ಕೆಲಸ ನಿಂತಿತು. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮುಂಚೆಯೇ ನಿಂತಿತ್ತು. ಅಂದರೆ ಈಗ ಒಂದು ಮೊನೊಗ್ರಾಮ್, ಅಂದರೆ ಕಾರಿನ ಹೆಸರಿನ ಬಿಲ್ಲೆ, ಮುರಿದರೆ ಕಂಪನಿಯಿಂದ ಇನ್ನೊಂದು ಬರುವುದಿಲ್ಲ. ಬಿಚ್ಚುವ ಕೈಗೆ ತಾಳ್ಮೆ ಬೇಕಾಗುವುದು ಇದಕ್ಕೇ.

ಬಾಗಿಲಿನ ಉದ್ದಕ್ಕೂ ಓಡುವ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದರ ಬೆನ್ನಿಗೆ ಸಣ್ಣ ಸ್ಪ್ರಿಂಗ್ ಕ್ಲಿಪ್‌ಗಳಿರುತ್ತವೆ; ಅವು ತಗಡಿನ ತೂತಿನೊಳಗೆ ಕಚ್ಚಿಕೊಂಡು ಪಟ್ಟಿಯನ್ನು ಹಿಡಿದಿರುತ್ತವೆ. ಕೆಲವು ಕಡೆ ಒಳಗಿನಿಂದ ನಟ್ ಬಿಗಿದಿರುತ್ತದೆ. ಅವಸರದವರು ಒಂದು ತುದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ. ಪಟ್ಟಿ ಅಲ್ಲೇ ಮಡಚುತ್ತದೆ, ಬಣ್ಣಕ್ಕೂ ಗೀರು ಬೀಳುತ್ತದೆ. ಬಲ್ಲವರು ಮಾಡುವುದು ಬೇರೆ. ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯುತ್ತಾರೆ. ಪಟ್ಟಿಯ ಮೇಲೂ ಕೆಳಗೂ ಬಣ್ಣದ ಮೇಲೆ ಟೇಪ್ ಅಂಟಿಸುತ್ತಾರೆ. ಬಾಗಿಲಿನ ಒಳಹಾಸು ತೆಗೆದು ಹಿಂದೆ ನಟ್ ಇದೆಯೇ ಎಂದು ಕೈಯಾಡಿಸಿ ನೋಡುತ್ತಾರೆ. ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಡುತ್ತಾರೆ. ಆಮೇಲೆ ತೆಳುವಾದ ಮರದ ಬೆಣೆಯನ್ನು ಒಂದು ಕ್ಲಿಪ್ಪಿನ ಪಕ್ಕದಲ್ಲೇ ಇಟ್ಟು ಮೆಲ್ಲನೆ ಎತ್ತುತ್ತಾರೆ. ಟಕ್ ಎಂದು ಒಂದು ಬಿಟ್ಟ ಮೇಲೆ ಮುಂದಿನದು. ಎರಡು ಕ್ಲಿಪ್ಪುಗಳ ನಡುವೆ ಮಾತ್ರ ಎಂದೂ ಮೀಟುವುದಿಲ್ಲ.

ಮೊನೊಗ್ರಾಮ್, ಬಾಗಿಲ ಹಿಡಿ, ಬಾನೆಟ್ಟಿನ ಅಲಂಕಾರ ಇವುಗಳ ಕಥೆ ಬೀದರಿನವರಿಗೆ ವಿಶೇಷವಾಗಿ ಹತ್ತಿರದ್ದು. ಆ ಕಾಲದ ಕಾರುಗಳಲ್ಲಿ ಇಂಥ ಬಿಡಿಭಾಗಗಳನ್ನು ಹೆಚ್ಚಾಗಿ ಎರಕ ಹೊಯ್ಯುತ್ತಿದ್ದುದು ಸತುವಿನ ಮಿಶ್ರಲೋಹದಲ್ಲಿ. ಬಿದರಿ ಕಲೆಯ ಹೂಜಿ, ತಟ್ಟೆಗಳ ಮೈಯೂ ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಸತುವಿನ ಮೈ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಸತು ಎಷ್ಟು ಬೇಗ ಬೇರೆ ವಸ್ತುವಿನೊಂದಿಗೆ ಸೇರಿ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ಇಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರಂಥ ಕಲಾವಿದರು ಆ ಗುಣವನ್ನು ಅಂದಕ್ಕೆ ಬಳಸಿಕೊಂಡರು. ಕಾರಿನಲ್ಲಿ ಅದೇ ಗುಣ ತೊಂದರೆ ಕೊಡುತ್ತದೆ. ಮೇಲಿನ ಕ್ರೋಮ್ ಲೇಪದ ಸೂಜಿಮೊನೆಯಷ್ಟು ತೂತಿನಲ್ಲಿ ನೀರು ಇಳಿದರೆ ಒಳಗಿನ ಸತು ಉಬ್ಬಿ, ಮೇಲ್ಮೈ ಸಿಡುಬು ಎದ್ದಂತೆ ಕಾಣುತ್ತದೆ.

ಆದ್ದರಿಂದ ಈ ಸತುವಿನ ಭಾಗಗಳನ್ನು ಆಸಿಡ್‌ನಲ್ಲಿ ಅದ್ದಬಾರದು. ಗ್ಯಾಸ್ ಬೆಂಕಿಯ ಹತ್ತಿರವೂ ತರಬಾರದು. ಸತು 419 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಉಕ್ಕು ಕರಗಲು ಅದರ ಮೂರು ಪಟ್ಟಿಗೂ ಹೆಚ್ಚು ಶಾಖ ಬೇಕು. ಮತ್ತೆ ಹೊಳಪು ಕೊಡಿಸುವಾಗ ಮೊದಲು ತಾಮ್ರದ ಲೇಪ, ಅದರ ಮೇಲೆ ನಿಕ್ಕಲ್, ಕೊನೆಗೆ ತೀರಾ ತೆಳುವಾದ ಕ್ರೋಮ್. ತಾಮ್ರದ ಲೇಪ ಬಿಟ್ಟು ಹಣ ಉಳಿಸಿದರೆ ಸಿಪ್ಪೆ ಏಳುವುದು ಖಂಡಿತ.

ತಿರುಗಿ ಕೂರಿಸುವಾಗ ಹಳೆಯ ಕ್ಲಿಪ್ಪಿನ ಆಸೆ ಬಿಡಬೇಕು. ಒಮ್ಮೆ ಸೊರಗಿದ ಸ್ಪ್ರಿಂಗ್ ಮತ್ತೆ ಕಚ್ಚುವುದಿಲ್ಲ. ತೂತಿನ ಅಂಚಿಗೆ ತುಕ್ಕು ತಡೆಯುವ ಬಣ್ಣ, ಅದರ ಮೇಲೆ ಚೂರು ಗ್ರೀಸ್, ಲೋಹಕ್ಕೆ ಲೋಹ ತಾಗುವಲ್ಲಿ ಹೊಸ ರಬ್ಬರ್ ಬೇಕು. ಸ್ಟೀಲಿನ ಪಟ್ಟಿಯಲ್ಲಿ ತಗ್ಗು ಬಿದ್ದಿದ್ದರೆ ಮರದ ಅಚ್ಚಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಒಳಗಡೆಯಿಂದ ತಟ್ಟಿ, ನೀರಿನಲ್ಲಿ ನೆನೆಸಿದ ನಯವಾದ ಮರಳುಕಾಗದದಿಂದ ಉಜ್ಜಿದರೆ ಸಾಕು. ಮುಂದಿನ ಬಾಗಿಲಿಂದ ಹಿಂದಿನವರೆಗೆ ಒಂದು ದಾರ ಎಳೆದು ಹಿಡಿದರೆ ಪಟ್ಟಿಗಳು ಒಂದೇ ನೇರಕ್ಕೆ ಬಂದಿವೆಯೋ ಇಲ್ಲವೋ ತಿಳಿಯುತ್ತದೆ. ಬಂಪರಿನ ಬೋಲ್ಟುಗಳನ್ನು ಎಲ್ಲ ಕಡೆ ಸಡಿಲವಾಗಿ ಹಾಕಿ, ಎತ್ತರ ಸರಿನೋಡಿ, ಕೊನೆಗೆ ಬಿಗಿಯಬೇಕು.

ಹೀಗೆ ಉಳಿಸಿಕೊಂಡ ಹಳೆಯ ಕಾರಿಗೆ ಕಾನೂನಿನ ಮನ್ನಣೆಯೂ ಸಿಗಬಹುದು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ಸ್ವಂತ ಬಳಕೆಯ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. 1970ರ ದಶಕದ ಅಂಬಾಸಿಡರ್‌ಗಳು ಈಗ ಆ ವಯಸ್ಸಿಗೆ ಬರುತ್ತಿವೆ.

ಬೀದರ್, ಭಾಲ್ಕಿ, ಔರಾದಿನ ಯಾವುದಾದರೂ ಮನೆಯ ಕೊಟ್ಟಿಗೆಯಲ್ಲಿ ಅಂಥದೊಂದು ಕಾರು ನಿಂತಿದ್ದರೆ, ಅದರಿಂದ ಕಳಚಿಬಿದ್ದ ಪಟ್ಟಿ, ಜಾಲಿ, ಮೊನೊಗ್ರಾಮ್‌ಗಳನ್ನು ದಯವಿಟ್ಟು ಗುಜರಿಗೆ ತೂಕಕ್ಕೆ ಹಾಕಬೇಡಿ. ಮಣ್ಣು ತೊಳೆದು ಒಣಗಿಸಿ, ಬಟ್ಟೆಯಲ್ಲಿ ಸುತ್ತಿ, ಯಾವ ಬದಿಯದೆಂದು ಚೀಟಿ ಬರೆದು ಕಾರಿನೊಳಗೇ ಇಡಿ.