ಮಾಡ ಉಳಿದ ಮನೆ

ನಮ್ಮ ಬಸವಕಲ್ಯಾಣಕ್ಕೆ ಕಡಲಿಲ್ಲ. ತ್ರಿಪುರಾಂತ ಕೆರೆಯ ತಂಗಾಳಿಯೇ ನಮಗೆ ಸಾಕು. ಅಜ್ಜ ಕಟ್ಟಿಸಿದ ಮನೆಯ ದುರಸ್ತಿ ಮುಗಿದು, ಈಚೆಗೆ ಮತ್ತೆ ಒಳಗೆ ಬಂದೆವು.

ಕೆಲಸದ ಹೊತ್ತಿನಲ್ಲಿ ಮೇಸ್ತ್ರಿ, ಗೋಡೆಯ ಮಾಡಗಳನ್ನು ಮುಚ್ಚಿ ಸಿಮೆಂಟ್ ಮೆತ್ತೋಣ ಎಂದಿದ್ದರು. “ಹಾಗಾದರೆ ದೀಪ ಎಲ್ಲಿಡಲಿ?” ಎಂದರು ಅಜ್ಜಿ. ಮಾಡಗಳು ಉಳಿದವು. ಸಿಮೆಂಟೂ ಬೇಡವೆಂದೆವು. ಕಲ್ಲು-ಮಣ್ಣಿನ ಹಳೆಯ ಗೋಡೆಗೆ ಸುಣ್ಣದ ಗಾರೆಯೇ ಹಿತ. ಒಳಗಿನ ತೇವ ಹೊರಹೋಗುತ್ತದೆ. ಸಿಮೆಂಟ್ ಅದನ್ನು ಹಿಡಿದಿಡುತ್ತದೆ.

ಈಗ ಒಂದು ಮಾಡದಲ್ಲಿ ಅಜ್ಜಿಯ ದೀಪ, ಇನ್ನೊಂದರಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಕೊಂಡ ಗೊಂಬೆ, ಮೂರನೆಯದರಲ್ಲಿ ಬಿದ್ರಿ ಹೂದಾನಿ. ಸತು-ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬಳಸಿ ಅದನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಹೊಳೆಯುತ್ತದೆ.

ಮಕ್ಕಳೇ, ನಿಮ್ಮೂರ ಮನೆಯ ಮಾಡದಲ್ಲಿ ಏನಿಡುತ್ತಿದ್ದರು? ಇಂದೇ ಅಜ್ಜ-ಅಜ್ಜಿಯನ್ನು ಕೇಳಿ.