ಬೀಗ ಬಿದ್ದ ಆಸ್ಪತ್ರೆ ಎದ್ದು ಕೂತಿತು!

ಎರಡು ವಾರ! ಇಪ್ಪತ್ತು ವರ್ಷ ಬೀಗ ಜಡಿದುಕೊಂಡು ಬಿದ್ದಿದ್ದ ಆಸ್ಪತ್ರೆಯೊಂದು ಮತ್ತೆ ರೋಗಿಗಳಿಗೆ ಬಾಗಿಲು ತೆರೆಯಲು ಹಿಡಿದದ್ದು ಹೆಚ್ಚುಕಡಿಮೆ ಅಷ್ಟೇ. ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನಲ್ಲಿರುವ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಆಸ್ಪತ್ರೆಯ ಕಥೆ ಇದು. 2021ರ ಬೇಸಿಗೆ, ಕೊರೊನಾ ಎರಡನೇ ಅಲೆ, ಎಲ್ಲಿ ನೋಡಿದರೂ ಬೆಡ್ ಇಲ್ಲ. ಆಗ ಸ್ವಯಂಸೇವಕರು ಪೊರಕೆ, ಸಲಿಕೆ ಹಿಡಿದು ಒಳಹೊಕ್ಕರು. ಎರಡು ದಶಕದ ದೂಳು ಹೊರಬಿತ್ತು, ಮಂಚಗಳು ಒಳಬಂದವು!

ಅದೇನು ಸಾಮಾನ್ಯ ಕಟ್ಟಡವೇ? ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಗಣಿಗೆ ಕೈಹಾಕಿದ ಮೇಲೆ ಬೆಳೆದ ಊರು ಕೆಜಿಎಫ್. ಶಿವನಸಮುದ್ರದ ಕರೆಂಟು 1902ರಲ್ಲೇ ಅಲ್ಲಿಗೆ ಬಂತು, ಬೆಂಗಳೂರು ಇನ್ನೂ ಮೂರು ವರ್ಷ ಕಾಯಬೇಕಾಯಿತು! ಚಾಂಪಿಯನ್ ರೀಫ್‌ನಲ್ಲಿ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯೇ ಕೈಯಿಡಲಾಗದಷ್ಟು ಕಾದಿರುತ್ತಿತ್ತು. ಇದ್ದಕ್ಕಿದ್ದಂತೆ ಬಂಡೆ ಸಿಡಿಯುವ ರಾಕ್ ಬರ್ಸ್ಟ್ ಒಂದು ಕಡೆ, ಬೆಣಚುಕಲ್ಲಿನ ದೂಳು ಶ್ವಾಸಕೋಶಕ್ಕಿಳಿದು ಬರುವ ಸಿಲಿಕೋಸಿಸ್ ಇನ್ನೊಂದು ಕಡೆ. ಉಸಿರಿಗಾಗಿ ಒದ್ದಾಡಿದ ಕಾರ್ಮಿಕರನ್ನು ಕಂಡ ಆಸ್ಪತ್ರೆ ಅದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಅದರ ಹಿಂದೆಯೇ ಆಸ್ಪತ್ರೆಯೂ. ಮತ್ತೆ ಅದನ್ನು ಎಬ್ಬಿಸಿದ್ದು ಶ್ವಾಸಕೋಶದ ಕಾಯಿಲೆಯೇ ಅಲ್ಲವೇ!

ಹಳೆಯ ಆಸ್ಪತ್ರೆ ಕಟ್ಟಡಗಳ ಇನ್ನೊಂದು ಬೆರಗು ಪೆರು ದೇಶದ್ದು. ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ವಿಜ್ಞಾನಿಗಳು ಕೋಣೆಗಳ ಗಾಳಿ ಎಷ್ಟು ಬೇಗ ಬದಲಾಗುತ್ತದೆಂದು ಅಳೆದರು. 2007ರಲ್ಲಿ ಬಂದ ಫಲಿತಾಂಶ ಹುಬ್ಬೇರಿಸುವಂತಿತ್ತು. ಐವತ್ತು ವರ್ಷಕ್ಕೂ ಹಳೆಯ, ಎತ್ತರದ ಸೂರು, ದೊಡ್ಡ ಕಿಟಕಿಗಳ ವಾರ್ಡುಗಳಲ್ಲಿ ಕಿಟಕಿ ತೆರೆದಾಗ ಗಂಟೆಗೆ 40 ಸಲ ಗಾಳಿ ಬದಲಾಗುತ್ತಿತ್ತು. ಹೊಸ ಕಟ್ಟಡಗಳಲ್ಲಿ 17. ಯಂತ್ರದಿಂದ ಗಾಳಿಯಾಡಿಸುವ ಕೋಣೆಗಳಲ್ಲೋ, ಬರೀ 12! ಕ್ಷಯ ಹರಡದಂತೆ ತಡೆಯುವಲ್ಲಿ ಈ ಹಳೆಯ ವಾರ್ಡುಗಳು ದುಬಾರಿ ಯಂತ್ರಗಳನ್ನು ಮೀರಿಸಬಲ್ಲವೆಂದು ಲೆಕ್ಕ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಆಸ್ಪತ್ರೆಗಳಲ್ಲಿ ಸಹಜ ಗಾಳಿಯಾಟಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಚಳಿ ಪ್ರದೇಶದಲ್ಲಿ ಕಿಟಕಿ ತೆರೆದಿಡುವುದು ಕಷ್ಟ, ನಿಜ. ನಮ್ಮ ಬಯಲುಸೀಮೆಗೆ ಆ ತೊಂದರೆ ಎಲ್ಲಿಯದು?

ಹಳೆಯದೆಲ್ಲ ಉಳಿಯಬೇಕೆಂದು ನಾನು ಹೇಳುತ್ತಿಲ್ಲ. ತೊಲೆಗೆ ಗೆದ್ದಲು ಹಿಡಿದಿದ್ದರೆ, ಗೋಡೆ ಬಾಯಿಬಿಟ್ಟಿದ್ದರೆ ಕೆಡವುವುದೇ ಸರಿ. ಆದರೆ ಗಟ್ಟಿ ಗೋಡೆ, ಗಾಳಿ ಬೆಳಕು ಎಲ್ಲ ಇದ್ದೂ ಬೀಗ ಹಾಕಿ ಕೂರುವುದು ಶುದ್ಧ ದಂಡ. ಯೋಗ ಶಾಲೆಯಾಗಲಿ, ಫಿಸಿಯೋಥೆರಪಿ ಕೇಂದ್ರವಾಗಲಿ, ಬಾಣಂತಿಯರ ತಪಾಸಣೆಯಾಗಲಿ, ಅಲ್ಲಿ ನಡೆಯಬಹುದಲ್ಲ. ಅದಕ್ಕೆ ಇನ್ನೊಂದು ಮಹಾಮಾರಿ ಬರಬೇಕೆ?

ಪರಶುರಾಂಪುರದಲ್ಲಾಗಲಿ, ಚಳ್ಳಕೆರೆ, ಮೊಳಕಾಲ್ಮೂರಿನಲ್ಲಾಗಲಿ, ನಿಮ್ಮೂರಲ್ಲಿ ಹೀಗೆ ಬೀಗ ಬಿದ್ದ ಹಳೆಯ ಆಸ್ಪತ್ರೆಯೊಂದಿದ್ದರೆ, ಕೆಡವಲು ಟೆಂಡರ್ ಕರೆಯುವ ಮುನ್ನ ಒಬ್ಬ ಎಂಜಿನಿಯರ್‌ನನ್ನೂ ಒಬ್ಬ ವೈದ್ಯರನ್ನೂ ಕರೆದುಕೊಂಡು ಹೋಗಿ ತೋರಿಸಿ. ಮುಂದಿನ ಗ್ರಾಮಸಭೆಯಲ್ಲಿ ಆ ಮಾತೆತ್ತಿ.