ಹಳೆ ಸೀರೆಯ ಚೆಂಡು, ಲಗೋರಿಯ ಏಳು ಕಲ್ಲು

ಮೇ ರಜೆ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಮಕ್ಕಳ ಶಿಬಿರದ ಮಾತು ಆರಂಭವಾಗುತ್ತದೆ. ಅಕ್ಷರಾಭ್ಯಾಸ, ಭಾವಗೀತೆ, ಯಕ್ಷಗಾನದ ಹೆಜ್ಜೆ ಎಲ್ಲವೂ ಇರುತ್ತದೆ. ಆದರೆ ಊರಿನ ಆಟಿಕೆಯನ್ನು ಮಕ್ಕಳ ಕೈಯಿಂದಲೇ ಮಾಡಿಸುವುದು ಅಪರೂಪ.

ಕಳೆದ ರಜೆಯಲ್ಲಿ ಊರಿನಿಂದ ಬಂದ ನನ್ನ ಅಮ್ಮ ಹರಿದ ನೂಲಿನ ಸೀರೆಯೊಂದನ್ನು ಪಟ್ಟಿ ಪಟ್ಟಿಯಾಗಿ ಸೀಳುತ್ತಾ ಕುಳಿತಿದ್ದರು. ಅಜ್ಜಿ-ಮೊಮ್ಮಗನ ಸಂಭಾಷಣೆ ಅಲ್ಲಿಯವರೆಗೆ 'ಊಟ ಆಯ್ತಾ', 'ಆಯ್ತು' ಎಂಬಲ್ಲಿಗೇ ಮುಗಿಯುತ್ತಿತ್ತು. ಅವನು ಬಳಿಗೆ ಬಂದು, "ಅಜ್ಜಿ, ಯೇ ಕ್ಯಾ ಹೈ?" ಎಂದ. "ಚೆಂಡು ಮಗಾ. ಈ ತುದಿ ಹಿಡಿ, ಎಳೆದು ಸುತ್ತಬೇಕು" ಎಂದರು ಅಮ್ಮ.

ಮಾಡುವ ಕ್ರಮ ಇಷ್ಟೆ. ಚಿಂದಿ ಬಟ್ಟೆಯನ್ನು ಲಿಂಬೆಯಷ್ಟು ಗಾತ್ರಕ್ಕೆ ಮುದ್ದೆ ಮಾಡಿ, ಅದರ ಮೇಲೆ ಪಟ್ಟಿಗಳನ್ನು ದಿಕ್ಕು ಬದಲಿಸುತ್ತಾ ಬಿಗಿಯಾಗಿ ಸುತ್ತಬೇಕು. ಸಡಿಲವಾದರೆ ನಾಲ್ಕೇ ಎಸೆತಕ್ಕೆ ಬಿಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ಸೂಜಿ ದಾರದಿಂದ ಹೊಲಿಗೆ. ಪುಟಿಯುವ ಚೆಂಡು ಬೇಕಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಅಡ್ಡಕ್ಕೆ ಕತ್ತರಿಸಿ, ಆ ರಬ್ಬರ್ ಉಂಗುರಗಳನ್ನು ಎಳೆದು ಎಲ್ಲಾ ದಿಕ್ಕಿನಿಂದ ತೊಡಿಸುವುದು. ಆದರೆ ಇದರ ಪೆಟ್ಟು ಜೋರು. ಚಾಳಿನ ಕಾಮನ್ ಪ್ಯಾಸೇಜಿನಲ್ಲಿ ಬಟ್ಟೆ ಚೆಂಡೇ ವಾಸಿ, ನೆರೆಯವರ ಗಾಜಿಗೂ ಕ್ಷೇಮ. ಹಿಂದೆ ಒಳಗೆ ಸಣ್ಣ ಕಲ್ಲು ಇಟ್ಟು ಸುತ್ತುವವರೂ ಇದ್ದರು; ಅದು ಖಂಡಿತ ಬೇಡ.

ಚೆಂಡು ಆದ ಮೇಲೆ ಲಗೋರಿ. ಮರಾಠಿಯಲ್ಲೂ ಇದು ಲಗೋರಿಯೇ, ದೆಹಲಿಯ ಕಡೆ ಪಿಟ್ಟೂ. ಏಳು ಚಪ್ಪಟೆ ಕಲ್ಲು ಸಿಗದಿದ್ದರೆ ಖಾಲಿ ಬೆಂಕಿಪೆಟ್ಟಿಗೆ ಪೇರಿಸಿದರಾಯಿತು. ನಮ್ಮ ಪಕ್ಕದ ಮನೆಯ ಮರಾಠಿ ಹುಡುಗರಿಗೆ ನಿಯಮ ಹೇಳಿಕೊಡಬೇಕಾಗಲೇ ಇಲ್ಲ.

ಇನ್ನೂ ಚಿಕ್ಕ ಮಕ್ಕಳಿಗೆ ಕಾಲುಚೀಲದ ತುದಿಯಲ್ಲಿ ಚಿಂದಿ ತುಂಬಿ ಗಂಟು ಹಾಕಿ, ಉಳಿದ ಭಾಗವನ್ನು ಬಾಲವಾಗಿ ಬಿಡಿ. ಬಾಲ ಹಿಡಿದು ತಿರುಗಿಸಿ ಎಸೆದರೆ ಅದು ಗಾಳಿಯಲ್ಲಿ ವೇಗ ತಗ್ಗಿಸುತ್ತದೆ, ಹಿಡಿಯುವುದು ಸುಲಭ.

ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದ, ಪುಣೆಯಲ್ಲಿ ದೀರ್ಘಕಾಲ ದುಡಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅವರು ಮಕ್ಕಳಿಗೆ ತೋರಿಸುವ ಕಾಗದದ ಹಾರುವ ಮೀನಿಗೆ ಓದಿ ಮುಗಿಸಿದ ಈ ಪುಟವೇ ಸಾಕು. ಎರಡು ಬೆರಳಗಲದ, ಗೇಣುದ್ದದ ಪಟ್ಟಿ ಕತ್ತರಿಸಿ. ಒಂದು ತುದಿಯ ಬಳಿ ಮೇಲಿನಿಂದ, ಇನ್ನೊಂದರ ಬಳಿ ಕೆಳಗಿನಿಂದ ಅರ್ಧದವರೆಗೆ ಸೀಳಿ, ಎರಡು ಸೀಳುಗಳನ್ನು ಪರಸ್ಪರ ಸಿಕ್ಕಿಸಿ. ಮೇಲಕ್ಕೆ ಎಸೆದರೆ ಗರಗರನೆ ತಿರುಗುತ್ತಾ ಇಳಿಯುತ್ತದೆ.

ಅಮ್ಮ ಊರಿಗೆ ಮರಳಿದ ಮೇಲೆ ಫೋನಿನಲ್ಲಿ ಮೊದಲು ಕೇಳಿದ್ದು, "ಚೆಂಡು ಬಿಚ್ಚಿತಾ?" ಎಂದು. "ಇಲ್ಲ ಅಜ್ಜಿ, ಗಟ್ಟಿ ಉಂಟು" ಎಂದ ಮೊಮ್ಮಗ.

ಮುಂದಿನ ಶಿಬಿರಕ್ಕೆ ಪದಾಧಿಕಾರಿಗಳು ಒಂದು ಮಧ್ಯಾಹ್ನ ಮೀಸಲಿಟ್ಟರೆ, ಮನೆಯ ಹಿರಿಯರನ್ನೇ ಕಲಿಸಲು ಕೂರಿಸಬಹುದು. ಹಳೆ ಸೀರೆಗಳನ್ನು ಮಹಿಳಾ ವಿಭಾಗದವರು ತರಲಿ. ಕತ್ತರಿ ಮಾತ್ರ ದೊಡ್ಡವರ ಕೈಯಲ್ಲಿರಲಿ.